ಊರಿನ ನೀರು ಊರಿನ ಕೈಯಲ್ಲೇ ಇರಲಿ: ಶುದ್ಧ ಕುಡಿಯುವ ನೀರಿಗೆ ಹಳ್ಳಿಯವರು ಮಾಡಬೇಕಾದ ಕೆಲಸಗಳು

ಬಯಲುಸೀಮೆಯ ಹಳ್ಳಿಗಳಲ್ಲಿ ಓಡಾಡಿದವರಿಗೆ ಈ ನೋಟ ಹೊಸದಲ್ಲ. ಪಂಚಾಯ್ತಿ ಆಫೀಸಿನ ಪಕ್ಕ ಶುದ್ಧ ಕುಡಿಯುವ ನೀರಿನ ಘಟಕ ಇರುತ್ತದೆ, ಅದಕ್ಕೆ ಬೀಗ ಬಿದ್ದಿರುತ್ತದೆ. ಮನೆ ಮುಂದೆ ನಲ್ಲಿ ಇರುತ್ತದೆ, ನೀರು ಬರುವುದು ಮಾತ್ರ ಯಾವಾಗಲೋ ಒಮ್ಮೆ. ಯೋಜನೆ ಬಂದಿಲ್ಲ ಅಂತಲ್ಲ, ಬಂದಿದೆ. ಆದರೆ ಬಂದದ್ದನ್ನು ನೋಡಿಕೊಳ್ಳಬೇಕಾದವರು ಯಾರು ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಗುತ್ತಿಗೆದಾರ ಬಿಲ್ ಆದ ಮೇಲೆ ಇತ್ತ ತಲೆ ಹಾಕಿಲ್ಲ. ಪಂಚಾಯ್ತಿಯವರು ಇಲಾಖೆ ಅಂತಾರೆ, ಇಲಾಖೆಯವರು ಪಂಚಾಯ್ತಿ ಅಂತಾರೆ. ಕೊಡ ಹಿಡಿದು ನಿಂತವರು ನಿಂತೇ ಇರುತ್ತಾರೆ.

ಹಳ್ಳಿ ನೀರಿನ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಒಂದು ಮಾತು ಗಟ್ಟಿಯಾಗಿದೆ. ನೀರಿನ ದುಡ್ಡಿನ ಲೆಕ್ಕ ಮತ್ತು ನೀರಿನ ಗುಣದ ಲೆಕ್ಕ ಎರಡೂ ಊರವರ ಕಣ್ಣೆದುರಿಗೆ ಇರುವ ಕಡೆ ವ್ಯವಸ್ಥೆ ಉಳಿಯುತ್ತದೆ. ಅದಿಲ್ಲದ ಕಡೆ ಎಷ್ಟು ಕೋಟಿ ಸುರಿದರೂ ಮೊದಲ ಮೋಟಾರ್ ಸುಡುವವರೆಗೆ ಅಷ್ಟೇ. ಹಾಗಾಗಿ ಕೆಳಗಿನ ಕೆಲಸಗಳಲ್ಲಿ ಪೈಪು, ಟ್ಯಾಂಕಿಗಿಂತ ಜಾಸ್ತಿ ಜಾಗ ಸಭೆಗೆ, ಪುಸ್ತಕಕ್ಕೆ, ಪರೀಕ್ಷೆಗೆ ಹೋಗಿದೆ. ಪಂಚಾಯ್ತಿ ಸದಸ್ಯರು, ಸ್ವಸಹಾಯ ಸಂಘದ ಅಕ್ಕಂದಿರು, ಊರಿನ ಯುವಕರು ಯಾರು ಬೇಕಾದರೂ ಇದನ್ನು ಶುರು ಮಾಡಬಹುದು.

ಮೊದಲು ನೀರು ಪರೀಕ್ಷೆ ಮಾಡಿಸಿ

ಎಲ್ಲಕ್ಕಿಂತ ಮೊದಲು ಊರಲ್ಲಿ ಜನ ಕುಡಿಯುವ ಪ್ರತಿ ಬೋರು, ಬಾವಿ, ಕೈಪಂಪಿನ ಪಟ್ಟಿ ಮಾಡಿ. ಪ್ರತಿಯೊಂದರ ನೀರನ್ನೂ ಬೇರೆ ಬೇರೆ ಪರೀಕ್ಷೆ ಮಾಡಿಸಿ. ಒಂದೇ ಊರಲ್ಲಿ ನೂರು ಮಾರು ದೂರದ ಎರಡು ಬೋರಿನ ನೀರು ಪೂರ್ತಿ ಬೇರೆ ಇರಬಹುದು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ಈ ಪರೀಕ್ಷೆ ಆಗುತ್ತದೆ. ರಿಪೋರ್ಟನ್ನು ಬಾಯಿಮಾತಲ್ಲಿ ಕೇಳಿ ಬರಬೇಡಿ, ಕಾಗದದಲ್ಲಿ ಪಡೆಯಿರಿ.

ರಿಪೋರ್ಟಿನಲ್ಲಿ ಸಾಲು ಸಾಲು ಅಂಕಿ ಇರುತ್ತವೆ. ಮೊದಲು ಇವನ್ನು ನೋಡಿ:

- ಫ್ಲೋರೈಡ್: ಲೀಟರ್‌ಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು.
- ನೈಟ್ರೇಟ್: ಲೀಟರ್‌ಗೆ 45 ಮಿಲಿಗ್ರಾಂ ದಾಟಬಾರದು, ಇದಕ್ಕೆ ವಿನಾಯಿತಿ ಇಲ್ಲ.
- ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ: ಲೀಟರ್‌ಗೆ 500 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ಮೂಲ ಇಲ್ಲದಿದ್ದರೆ 2000ದವರೆಗೆ.
- ಇ ಕೊಲೈ ಬ್ಯಾಕ್ಟೀರಿಯಾ (ನೀರಿಗೆ ಮಲ ಸೇರಿದೆ ಅನ್ನೋದರ ಗುರುತು): 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಕೂಡದು.

ಇವು ಭಾರತೀಯ ಮಾನಕ ಐಎಸ್ 10500ರ ಮಿತಿಗಳು. ರಾಯಚೂರು, ಯಾದಗಿರಿಯ ಚಿನ್ನದ ಗಣಿ ಸೀಮೆಯವರು ಆರ್ಸೆನಿಕ್, ಕೋಲಾರ ಚಿಕ್ಕಬಳ್ಳಾಪುರದ ಆಳದ ಬೋರಿನವರು ಯುರೇನಿಯಂ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು.

ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯವರಿಗೆ ಫ್ಲೋರೈಡ್ ಬಗ್ಗೆ ಹೇಳಿಕೊಡಬೇಕಿಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ, ನಡು ಬಗ್ಗಿದ ಹಿರಿಯರು ಅಲ್ಲಿ ಕಾಣುವ ಸಂಗತಿ. ಆದರೂ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ: ಕುದಿಸಿದರೆ ಎಲ್ಲಾ ಹೋಗುತ್ತದೆ ಅನ್ನೋದು. ಕುದಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಇನ್ನೂ ಗಟ್ಟಿಯಾಗುತ್ತವೆ. ರುಚಿ ನೋಡಿ ನೀರು ಒಳ್ಳೆಯದು ಅನ್ನೋದೂ ಹಾಗೇ, ಸಿಹಿ ನೀರಲ್ಲೂ ಫ್ಲೋರೈಡ್ ಇರಬಹುದು.

ರಿಪೋರ್ಟ್ ಬಂದ ಮೇಲೆ ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ. ಯಾವ ಬೋರಿನ ನೀರು ಕುಡಿಯಬಹುದು, ಯಾವುದು ಬರೀ ಬಳಕೆಗೆ ಅಂತ ಆ ಬೋರಿನ ಹತ್ತಿರವೇ ಬಣ್ಣದಲ್ಲಿ ಬರೆಸಿ. ಇದಕ್ಕೆ ಯಾವ ಯೋಜನೆಯೂ ಬೇಡ, ನಾಳೆಯೇ ಮಾಡಬಹುದು.

ಎಷ್ಟು ನೀರು ಇದೆ ಅನ್ನೋದನ್ನು ಬೇಸಿಗೆಯಲ್ಲೇ ಅಳೆಯಿರಿ

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ ಹಾಕುತ್ತದೆ. ಸಾವಿರ ಜನರ ಊರಿಗೆ 55,000 ಲೀಟರ್ ಆಯಿತು. ದನಕರುಗಳಿಗೆ ಬೇಕಾದದ್ದನ್ನು ಇದರ ಮೇಲೆ ಸೇರಿಸಿಕೊಳ್ಳಿ.

ಬೋರು ಎಷ್ಟು ಕೊಡುತ್ತದೆ ಅಂದರೆ ನಮ್ಮವರು ‘ಎರಡು ಇಂಚು’ ‘ಮೂರು ಇಂಚು’ ಅಂತಾರೆ. ಲೆಕ್ಕಕ್ಕೆ ಅದು ಸಾಲದು. ನೀರು ಬೀಳುವ ಪೈಪಿನ ಕೆಳಗೆ 200 ಲೀಟರಿನ ಡ್ರಮ್ ಇಟ್ಟು, ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಮೊಬೈಲಿನಲ್ಲಿ ನೋಡಿ. 80 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 150 ಲೀಟರ್, ಗಂಟೆಗೆ 9,000 ಲೀಟರ್. 55,000 ಲೀಟರಿಗೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ಮೋಟಾರ್ ಓಡಬೇಕು. ನಿಮ್ಮೂರಲ್ಲಿ ದಿನಕ್ಕೆ ಅಷ್ಟು ಹೊತ್ತು ತ್ರೀ ಫೇಸ್ ಕರೆಂಟ್ ಇರುತ್ತದಾ? ಮೋಟಾರ್ ಒಂದೇ ಸಮ ಓಡಿದ ಮೇಲೂ ಅಷ್ಟೇ ನೀರು ಬರುತ್ತದಾ? ಶುರುವಿನಲ್ಲಿ ಒಮ್ಮೆ ಅಳೆಯಿರಿ, ಎರಡು ಗಂಟೆ ಓಡಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ಈ ಕೆಲಸವನ್ನು ಮಳೆ ಬಿದ್ದ ಮೇಲೆ ಮಾಡಬೇಡಿ. ನವೆಂಬರಿನಲ್ಲಿ ಎಲ್ಲ ಬೋರೂ ಚೆನ್ನಾಗಿಯೇ ಇರುತ್ತವೆ. ಏಪ್ರಿಲ್ ಕೊನೆಗೆ ಅಳೆದದ್ದೇ ನಿಮ್ಮೂರಿನ ನಿಜವಾದ ನೀರು.

ಸಮಿತಿ ಕಾಗದದಲ್ಲಿ ಇದ್ದರೆ ಸಾಲದು

ಪ್ರತಿ ಹಳ್ಳಿಗೂ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು ಅಂತ ಮಿಷನ್ನಿನ ಮಾರ್ಗಸೂಚಿ ಹೇಳುತ್ತದೆ. 10ರಿಂದ 15 ಜನ, ಅದರಲ್ಲಿ ಅರ್ಧ ಹೆಂಗಸರು, ಕಾಲು ಭಾಗ ದುರ್ಬಲ ವರ್ಗದವರು. ನಿಮ್ಮೂರಲ್ಲೂ ದಾಖಲೆಯಲ್ಲಿ ಇದ್ದೇ ಇರುತ್ತದೆ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರ ಹತ್ತಿರ ಹೋಗಿ ಸದಸ್ಯರ ಹೆಸರಿನ ಪಟ್ಟಿ ಕೇಳಿ ನೋಡಿ. ತಾವು ಸಮಿತಿಯಲ್ಲಿದ್ದೇವೆ ಅನ್ನೋದೇ ಗೊತ್ತಿಲ್ಲದವರು ಅದರಲ್ಲಿ ಸಿಗುತ್ತಾರೆ.

ಸಮಿತಿಯನ್ನು ಮತ್ತೆ ಕಟ್ಟುವುದಾದರೆ ಮೊದಲು ವಾರ್ಡ್ ಸಭೆ, ಕೇರಿ ಕೇರಿಯ ಸಭೆ ಮಾಡಿ. ಪ್ರತಿ ಕೇರಿಯವರೂ ತಮ್ಮವರನ್ನು ತಾವೇ ಆರಿಸಿ ಕಳಿಸಲಿ. ಪೈಪ್‌ಲೈನ್ ಕೊನೆಯಲ್ಲಿ ಇರುವ ಮನೆಯವರೊಬ್ಬರು ಸಮಿತಿಯಲ್ಲಿ ಇರಲೇಬೇಕು. ಟ್ಯಾಂಕಿನ ಪಕ್ಕದ ಮನೆಯವರಿಗೆ ನೀರಿನ ತೊಂದರೆ ಅರ್ಥವಾಗುವುದಿಲ್ಲ, ಅವರಿಗೆ ದಿನಾ ಬರುತ್ತದೆ. ಎಷ್ಟೋ ಊರಲ್ಲಿ ಪೈಪಿನ ಕೊನೆ ಅಂದರೆ ಪರಿಶಿಷ್ಟರ ಕೇರಿ, ತಾಂಡಾ ಅಥವಾ ಹೊಸ ಜನತಾ ಮನೆಗಳು. ಇದು ಆಕಸ್ಮಿಕ ಅಲ್ಲ. ಹಳೆಯ ಬಾವಿಗಳ ಕಾಲದ ತಾರತಮ್ಯ ಪೈಪಿನಲ್ಲೂ ಮುಂದುವರಿದಿದೆ. ಇದನ್ನು ಸಭೆಯಲ್ಲಿ ಬಾಯಿಬಿಟ್ಟು ಮಾತಾಡದೆ ನೀರು ಎಲ್ಲರದ್ದು ಅಂದರೆ ಯಾರೂ ನಂಬುವುದಿಲ್ಲ.

ಸಭೆಯ ಹೊತ್ತನ್ನೂ ನೋಡಿ ಇಡಿ. ಬೆಳಿಗ್ಗೆ ಹನ್ನೊಂದಕ್ಕೆ ಪಂಚಾಯ್ತಿ ಹಾಲಿನಲ್ಲಿ ಕರೆದರೆ ಹೆಂಗಸರು ಕೂಲಿಗೆ ಹೋಗಿರುತ್ತಾರೆ. ಸಂಜೆ ಏಳರ ಮೇಲೆ ಅಂಗನವಾಡಿ ಅಥವಾ ಸಮುದಾಯ ಭವನದಲ್ಲಿ ಕರೆಯಿರಿ. ಬಂದವರು ಹಿಂದೆ ಗೋಡೆಗೆ ಒರಗಿ ಸುಮ್ನೆ ಕೂತಿದ್ದರೆ ‘ಅಕ್ಕಾ, ನಿಮ್ಮ ಕಡೆ ಕೊನೆ ಸಲ ನೀರು ಯಾವತ್ತು ಬಂತು?’ ಅಂತ ಹೆಸರು ಹಿಡಿದು ಕೇಳಿ. ಆ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಯಾವ ವಾಲ್ವ್ ಕೆಟ್ಟಿದೆ, ಯಾರ ಮನೆಯಲ್ಲಿ ಪೈಪಿಗೇ ಮೋಟಾರ್ ಹಾಕಿದ್ದಾರೆ, ಊರಿಗೆ ನೀರು ಬಿಡುವ ನೀರುಗಂಟಿ ಯಾರ ಮಾತು ಕೇಳುತ್ತಾನೆ, ಎಲ್ಲಾ ಹೊರಗೆ ಬರುತ್ತದೆ.

ಒಂದು ಮನೆಯೂ ಹೊರಗೆ ಉಳಿಯಬಾರದು

ಒಡಿಶಾದ ಗ್ರಾಮ ವಿಕಾಸ್ ಸಂಸ್ಥೆ 1992ರಿಂದ ಹಳ್ಳಿಗಳಲ್ಲಿ ನೀರು, ಶೌಚಾಲಯದ ಕೆಲಸ ಮಾಡುತ್ತಾ ಬಂದಿದೆ. ಅವರ ಶರತ್ತು ಕಠಿಣ. ಊರಿನ ಪ್ರತಿಯೊಂದು ಮನೆಯೂ ಒಪ್ಪಬೇಕು, ಒಂದು ಮನೆ ಹೊರಗುಳಿದರೂ ಕೆಲಸ ಶುರುವಾಗುವುದಿಲ್ಲ. ಮನೆಗೆ ಸರಾಸರಿ 1,000 ರೂಪಾಯಿಯಂತೆ ಊರಿನ ನಿಧಿ ಕಟ್ಟಬೇಕು. ಉಳ್ಳವರು ಜಾಸ್ತಿ, ಇಲ್ಲದವರು ಕಡಿಮೆ ಕೊಡಬಹುದು. ಆ ದುಡ್ಡನ್ನು ಮುಟ್ಟುವಂತಿಲ್ಲ. ಮುಂದೆ ಊರಿಗೆ ಸೇರುವ ಹೊಸ ಮನೆಗಳಿಗೆ ಅದರ ಬಡ್ಡಿಯಿಂದ ಸೌಲಭ್ಯ ಸಿಗುತ್ತದೆ. ಮೇಲಿನ ಕೇರಿ, ಕೆಳಗಿನ ಕೇರಿ ಅನ್ನದೆ ಎಲ್ಲರ ಮನೆಗೂ ಒಂದೇ ರೀತಿಯ ನಲ್ಲಿ, ಶೌಚಾಲಯ, ಸ್ನಾನದ ಕೋಣೆ.

ಕೇಳಿದಾಗ ಇದು ಅತಿಯಾಯಿತು ಅನ್ನಿಸಬಹುದು. ಆದರೆ ಇದರ ಹಿಂದೆ ಗಟ್ಟಿ ಕಾರಣ ಇದೆ. ನಾಲ್ಕು ಮನೆಯವರು ಇನ್ನೂ ಹಳ್ಳದ ದಡದಲ್ಲೇ ಬಯಲಿಗೆ ಹೋದರೆ ಆ ಹಳ್ಳದ ಪಕ್ಕದ ಬಾವಿ ಇಡೀ ಊರಿಗೆ ಕೆಟ್ಟಿತು. ನೀರು ಸಿಗದ ಮನೆಯವರು ರಾತ್ರಿ ಪೈಪಿಗೆ ತೂತು ಹೊಡೆದರೆ ಆ ತೂತಿನಿಂದ ಕೊಳೆ ಎಲ್ಲರ ನಲ್ಲಿಗೂ ಹೋಗುತ್ತದೆ. ಒಬ್ಬರನ್ನು ಬಿಟ್ಟು ಉಳಿದವರು ಸುರಕ್ಷಿತ ನೀರು ಕುಡಿಯಲು ಆಗುವುದೇ ಇಲ್ಲ.

ನಮ್ಮಲ್ಲೂ ಇಂಥ ಶಿಸ್ತು ಹೊಸದಲ್ಲ. ನವಲಗುಂದ, ರೋಣ, ನರಗುಂದ ಕಡೆ ಬೋರಿನ ನೀರು ಉಪ್ಪು. ಅಲ್ಲಿ ಕುಡಿಯುವ ನೀರಿಗೆ ಅಂತಲೇ ಬೇರೆ ಕೆರೆ ಇಟ್ಟುಕೊಂಡವರು ಅಲ್ಲಿಯ ಜನ. ಅಂಥ ಕೆರೆಗೆ ಚಪ್ಪಲಿ ಹಾಕಿಕೊಂಡು ಇಳಿಯಬಾರದು, ಬಟ್ಟೆ ಒಗೆಯಬಾರದು, ದನ ಬಿಡಬಾರದು. ಸರ್ಕಾರ ಹೇಳಿದ್ದಲ್ಲ, ಊರೇ ಹಾಕಿಕೊಂಡ ಕಟ್ಟಳೆ.

ವಂತಿಗೆ ಮತ್ತು ತಿಂಗಳ ಶುಲ್ಕ

ಜಲ ಜೀವನ್ ಮಿಷನ್ನಿನಲ್ಲಿ ಊರೊಳಗಿನ ಕಾಮಗಾರಿ ವೆಚ್ಚದಲ್ಲಿ ನೂರಕ್ಕೆ 10 ಭಾಗವನ್ನು ಊರವರು ಕೊಡಬೇಕು. ಗುಡ್ಡಗಾಡು, ಅರಣ್ಯ ಪ್ರದೇಶ ಮತ್ತು ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಿರುವ ಊರಿಗೆ 5 ಭಾಗ. ದುಡ್ಡೇ ಆಗಬೇಕು ಅಂತಿಲ್ಲ, ಸಾಮಾನು, ಕೂಲಿ ರೂಪದಲ್ಲೂ ಕೊಡಬಹುದು. ಎಷ್ಟೋ ಕಡೆ ಇದನ್ನು ಗುತ್ತಿಗೆದಾರನೇ ಕಟ್ಟಿ, ರಸೀದಿ ಮಾತ್ರ ಊರವರ ಹೆಸರಲ್ಲಿ ಆಗಿರುತ್ತದೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಊರಿನ ವಂತಿಗೆಯನ್ನು ಕಟ್ಟಿದ ಗುತ್ತಿಗೆದಾರ ಅದನ್ನು ಪೈಪಿನ ದಪ್ಪದಲ್ಲಿ, ಪೈಪ್ ಹೂಳುವ ಆಳದಲ್ಲಿ ವಾಪಸ್ ತೆಗೆದುಕೊಳ್ಳುತ್ತಾನೆ. ಆಮೇಲೆ ನಿಮಗೆ ಕೇಳುವ ಬಾಯಿ ಇರುವುದಿಲ್ಲ.

ಬಡ ಊರು, ಜನ ಎಲ್ಲಿ ಕೊಡ್ತಾರೆ ಅನ್ನುವವರು ತಮ್ಮೂರಿನ ಜಾತ್ರೆಯ ವಂತಿಗೆ ನೆನಪಿಸಿಕೊಳ್ಳಲಿ. ತೇರಿಗೆ ಎಲ್ಲ ಮನೆಯವರೂ ಕೊಡುತ್ತಾರೆ. ಯಾಕಂದರೆ ಯಾರು ಎಷ್ಟು ಕೊಟ್ಟರು, ಎಷ್ಟು ಖರ್ಚಾಯಿತು ಅನ್ನೋದನ್ನು ಗುಡಿ ಮುಂದೆ ಎಲ್ಲರೆದುರು ಓದುತ್ತಾರೆ. ನೀರಿನ ದುಡ್ಡಿಗೂ ಅಷ್ಟೇ ಬೇಕಾಗಿರುವುದು.

ತಿಂಗಳ ಶುಲ್ಕವನ್ನು ಪಕ್ಕದೂರಲ್ಲಿ ಎಷ್ಟಿದೆ ಅಂತ ಕೇಳಿ ಇಡಬೇಡಿ, ಖರ್ಚು ನೋಡಿ ಇಡಿ. ಲೆಕ್ಕ ಹಾಕುವ ಬಗೆ ತೋರಿಸಲು 200 ಮನೆಗಳ ಒಂದು ಊರು ಅಂದುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ದರ ನೀವು ಹಾಕಿಕೊಳ್ಳಿ. ಮೋಟಾರ್ ರಿಪೇರಿ, ರಿವೈಂಡಿಂಗಿಗೆ ವರ್ಷಕ್ಕೆ 30,000, ಅಂದರೆ ತಿಂಗಳಿಗೆ 2,500. ಪೈಪು, ವಾಲ್ವ್, ಸಣ್ಣಪುಟ್ಟ ಸಾಮಾನಿಗೆ 2,000. ಬ್ಲೀಚಿಂಗ್ ಪೌಡರ್, ಪರೀಕ್ಷೆಗೆ 1,500. ನೀರುಗಂಟಿಗೆ ಸಹಾಯಕನಾಗಿ ಇರುವವರಿಗೆ ಅಥವಾ ಶುಲ್ಕ ವಸೂಲಿ ಮಾಡುವ ಸಂಘಕ್ಕೆ 4,000. ಮುಂದೆ ಹೊಸ ಮೋಟಾರ್ ತರಲು ಉಳಿತಾಯ 3,000. ಒಟ್ಟು 13,000. ಎಲ್ಲರೂ ಕೊಟ್ಟರೆ ಮನೆಗೆ 65 ರೂಪಾಯಿ. ಎಲ್ಲರೂ ಪ್ರತಿ ತಿಂಗಳೂ ಕೊಡುವುದಿಲ್ಲ, 180 ಮನೆ ಕೊಡುತ್ತವೆ ಅಂತ ಹಿಡಿದರೆ 72. ಹಾಗಾಗಿ 75 ಇಡಬೇಕು. ಕರೆಂಟ್ ಬಿಲ್ಲು ಮತ್ತು ನೀರುಗಂಟಿಯ ಸಂಬಳ ಯಾರು ಕೊಡುತ್ತಾರೆ ಅಂತ ಪಂಚಾಯ್ತಿಯಿಂದ ಬರಹದಲ್ಲಿ ಪಡೆದುಕೊಳ್ಳಿ. 2021-22ರಿಂದ 2025-26ರವರೆಗೆ ಪಂಚಾಯ್ತಿಗೆ ಬಂದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು ಅನ್ನೋದು ಸಭೆಯಲ್ಲಿ ನೆನಪಿರಲಿ.

ಇದರಲ್ಲಿ ಉಳಿತಾಯದ ಸಾಲನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ಮೇ ತಿಂಗಳಲ್ಲಿ ಮೋಟಾರ್ ಸುಟ್ಟ ದಿನ, ಖಾತೆಯಲ್ಲಿ ದುಡ್ಡಿರುವ ಊರಿಗೆ ಎರಡು ದಿನದಲ್ಲಿ ನೀರು ಬರುತ್ತದೆ. ಇಲ್ಲದ ಊರಿನವರು ಅರ್ಜಿ ಹಿಡಿದು ತಾಲ್ಲೂಕಿಗೆ ಅಲೆಯುತ್ತಾರೆ.

ದುಡ್ಡು ಬ್ಯಾಂಕ್ ಖಾತೆಯಲ್ಲೇ ಇರಲಿ, ಇಬ್ಬರ ಸಹಿ ಬೇಕು, ಅವರಲ್ಲಿ ಒಬ್ಬರು ಹೆಂಗಸು. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ. ತಿಂಗಳ ಮೊದಲ ವಾರ ಟ್ಯಾಂಕಿನ ಹತ್ತಿರದ ಗೋಡೆಯಲ್ಲಿ ಕಪ್ಪು ಬಣ್ಣ ಬಳಿದು ಸೀಮೆಸುಣ್ಣದಲ್ಲಿ ನಾಲ್ಕೇ ಸಾಲು ಬರೆಯಿರಿ: ಬಂದದ್ದು, ಖರ್ಚಾದದ್ದು, ಉಳಿದದ್ದು, ಬಾಕಿ ಇರುವ ಮನೆಗಳ ಸಂಖ್ಯೆ. ಬಾಕಿದಾರರ ಹೆಸರು ಬರೆಯಬೇಡಿ. ಮಳೆ ಕೈಕೊಟ್ಟ ವರ್ಷ ಕೂಲಿ ಸಿಗದವರು ಅದರಲ್ಲಿ ಇರುತ್ತಾರೆ. ಅವರ ಮನೆಗೆ ಹೋಗಿ ಮಾತಾಡಿ. ಒಬ್ಬಂಟಿ ಮುದುಕಿಯರಿಗೆ, ದುಡಿಯುವವರಿಲ್ಲದ ಮನೆಗೆ ಶುಲ್ಕ ಬೇಡ ಅಂತ ಗ್ರಾಮಸಭೆಯಲ್ಲೇ ತೀರ್ಮಾನಿಸಿ ಬರೆದಿಡಿ.

ಯಾವ ದಾರಿ ಹಿಡಿಯಬೇಕು

ನೀರಿನ ರಿಪೋರ್ಟ್ ಚೆನ್ನಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬೋರು, ಟ್ಯಾಂಕು, ಕ್ಲೋರಿನ್, ನಲ್ಲಿ ಸಾಕು. ಒಳ್ಳೆಯ ನೀರಿರುವ ಊರಿಗೆ ಆರ್‌ಒ ಘಟಕ (ತೆಳು ಪೊರೆಯ ಮೂಲಕ ನೀರನ್ನು ಒತ್ತಿ ಲವಣ ತೆಗೆಯುವ ಯಂತ್ರ) ಹಾಕುವುದು ದುಡ್ಡು, ನೀರು ಎರಡೂ ದಂಡ.

ಫ್ಲೋರೈಡ್ ಇದ್ದರೆ ಮೊದಲು ಬೇರೆ ಮೂಲ ಹುಡುಕಿ. ಕೆರೆ ಅಂಚಿನ ತೆರೆದ ಬಾವಿಯಲ್ಲಿ, ಆಳವಿಲ್ಲದ ಬೋರಿನಲ್ಲಿ ಫ್ಲೋರೈಡ್ ಕಡಿಮೆ ಇರಬಹುದು, ಪರೀಕ್ಷೆ ಮಾಡಿ ನೋಡಿ. ನದಿ ನೀರು ತರುವ ಬಹುಗ್ರಾಮ ಯೋಜನೆ ನಿಮ್ಮ ಕಡೆ ಬಂದಿದ್ದರೆ ಅದೇ ದೊಡ್ಡ ಪರಿಹಾರ. ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು, ಕೂಡ್ಲಿಗಿಗೆ ತುಂಗಭದ್ರಾ ಹಿನ್ನೀರು ತರುವ ಯೋಜನೆ ಇಂಥದ್ದು. ಆದರೆ ಆ ನೀರು ಊರಿನ ಟ್ಯಾಂಕಿಗೆ ಬಂದ ಮೇಲೆ ಹಂಚುವುದು, ಕ್ಲೋರಿನ್ ನೋಡುವುದು, ವಾಲ್ವ್ ತಿರುಗಿಸುವುದು ಮತ್ತೆ ಊರಿನದ್ದೇ ಕೆಲಸ.

ಮಳೆ ನೀರು ನನಗೆ ತುಂಬಾ ಮೆಚ್ಚುಗೆಯಾದ ದಾರಿ, ಯಾಕಂದರೆ ಅದರಲ್ಲಿ ಫ್ಲೋರೈಡ್ ಇರುವುದೇ ಇಲ್ಲ ಅನ್ನಬಹುದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 400 ಚದರ ಅಡಿ ಆರ್‌ಸಿಸಿ ಮನೆ ಅಂದರೆ ಸುಮಾರು 37 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬೀಳುವ ಕಡೆ, ಐದರಲ್ಲಿ ಒಂದು ಪಾಲು ಪೋಲಾದರೂ 14,800 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ಅಂತ ದಿನಕ್ಕೆ 25 ಲೀಟರ್ ಹಿಡಿದರೆ ವರ್ಷಕ್ಕೆ 9,125 ಲೀಟರ್ ಸಾಕು. ಮೊದಲ ಮಳೆಯ ನೀರು ಹೊರಗೆ ಬಿಡಬೇಕು, ಮರಳು ಮತ್ತು ಜಲ್ಲಿಯ ಸೋಸು ಬೇಕು, ತೊಟ್ಟಿಗೆ ಬಿಸಿಲು ಬೀಳಬಾರದು, ಕೊಡ ಅದ್ದಬಾರದು, ನಲ್ಲಿಯಿಂದಲೇ ಹಿಡಿಯಬೇಕು. ತೊಂದರೆ ಇರುವುದು ಸೋರುವ ಹೆಂಚಿನ ಮನೆಯವರಿಗೆ, ಗುಡಿಸಲಿನವರಿಗೆ. ಅವರಿಗಾಗಿ ಶಾಲೆ, ಗುಡಿ, ಸಮುದಾಯ ಭವನದ ಮಾಳಿಗೆಯ ನೀರನ್ನು ಒಂದು ತೊಟ್ಟಿಗೆ ತುಂಬಿಸಿ ಹಂಚಬಹುದು.

ಇವು ಯಾವುವೂ ಆಗದಿದ್ದಾಗ ಆರ್‌ಒ ಘಟಕ. 20 ಲೀಟರ್ ಕ್ಯಾನ್ ತುಂಬಿಸಲು ಕಾಯಿನ್ ಹಾಕುವ ಯಂತ್ರ ಎಲ್ಲರಿಗೂ ಗೊತ್ತಿದೆ. ಅದನ್ನು ಉಳಿಸಿಕೊಳ್ಳಲು ಕಾಯಿನ್ ಡಬ್ಬಿಯ ಲೆಕ್ಕ ಮತ್ತು ಟಿಡಿಎಸ್ ಲೆಕ್ಕ ಎರಡನ್ನೂ ಬರೆದಿಡಬೇಕು. ವಾರಕ್ಕೊಮ್ಮೆ ಒಳಗೆ ಹೋಗುವ ನೀರಿನ, ಹೊರಗೆ ಬರುವ ನೀರಿನ ಟಿಡಿಎಸ್ ಅಳೆಯಿರಿ. ಹೊರಗಿನದ್ದು ಏರುತ್ತಾ ಹೋದರೆ ಮೆಂಬ್ರೇನ್, ಅಂದರೆ ಸೋಸುವ ಪೊರೆ, ಮುಗಿಯುತ್ತಿದೆ ಅಂತ ಅರ್ಥ. ಹಾಗೆಯೇ ಹೊರಗೆ ಹೋಗುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಜಾಸ್ತಿ ಇರುತ್ತದೆ. ಅದನ್ನು ಬೋರಿನ ಪಕ್ಕ ಇಂಗಿಸಬೇಡಿ, ದನಕ್ಕೆ ಕುಡಿಸಬೇಡಿ.

ಗುಂಡಿ ತೆಗೆಯುವಾಗ ಊರು ಎದುರಿಗೆ ನಿಂತಿರಲಿ

ಅಂದಾಜು ಪಟ್ಟಿಯ ಪ್ರತಿಯನ್ನು ಇಲಾಖೆಯ ಇಂಜಿನಿಯರ್ ಹತ್ತಿರ ಪಡೆಯಿರಿ. ಪೈಪಿನ ಅಳತೆ, ಹೂಳಬೇಕಾದ ಆಳ, ಕಂಪನಿ ಗುಣಮಟ್ಟದ ಗುರುತು, ವಾಲ್ವ್ ಎಲ್ಲೆಲ್ಲಿ ಅನ್ನೋದನ್ನು ಕನ್ನಡದಲ್ಲಿ ಬರೆದು ಕಟ್ಟೆಯ ಮೇಲೆ ಅಂಟಿಸಿ. ಪ್ರತಿ ಕೇರಿಯಲ್ಲೂ ಇಬ್ಬರು ಯುವಕರು ಟೇಪು ಹಿಡಿದು ಆಳ ಅಳೆದು ಫೋಟೊ ತೆಗೆಯಲಿ. ಚರಂಡಿ ಒಳಗೆ ಪೈಪ್ ಹಾಯಿಸಲು ಬಿಡಲೇಬೇಡಿ. ಮಣ್ಣು ಮುಚ್ಚುವ ಮೊದಲು ನೀರು ಬಿಟ್ಟು ಸೋರಿಕೆ ನೋಡಬೇಕು. ಅಗೆದ ಸಿಸಿ ರಸ್ತೆಯನ್ನು ಮತ್ತೆ ಮುಚ್ಚಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ನಲ್ಲಿಯಲ್ಲಿ ನೀರು ಬರುವವರೆಗೆ ಊರಿನ ಪರವಾಗಿ ಯಾರೂ ಹಸ್ತಾಂತರದ ಕಾಗದಕ್ಕೆ ಸಹಿ ಹಾಕಬಾರದು.

ಕ್ಲೋರಿನ್: ದಿನದ ಕೆಲಸ

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಪ್ರತಿ ಮಳೆಗಾಲದಲ್ಲೂ ರಾಜ್ಯದ ಯಾವುದಾದರೂ ಮೂಲೆಯಿಂದ ವಾಂತಿಭೇದಿಯ ಸುದ್ದಿ ಬರುತ್ತದೆ. ಎಷ್ಟೋ ಸಲ ಬೋರಿನ ನೀರು ಚೆನ್ನಾಗಿಯೇ ಇರುತ್ತದೆ, ಅದು ಕೆಡುವುದು ದಾರಿಯಲ್ಲಿ. ನೀರು ಬಿಟ್ಟಾಗ ಒಡೆದ ಪೈಪಿನಿಂದ ನೀರು ಹೊರಗೆ ಚಿಮ್ಮುತ್ತದೆ. ನಿಲ್ಲಿಸಿದಾಗ ಪೈಪು ಖಾಲಿಯಾಗಿ ಅದೇ ತೂತಿನಿಂದ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನಲ್ಲಿಗೆ ನೇರವಾಗಿ ಮೋಟಾರ್ ಹಾಕಿದರೆ ಈ ಎಳೆತ ಇನ್ನೂ ಜೋರು. ನಲ್ಲಿ ಮೋಟಾರ್ ಹಾಕುವವರು ನೀರು ಕದಿಯುವುದಷ್ಟೇ ಅಲ್ಲ, ಇಡೀ ಬೀದಿಗೆ ರೋಗ ಹಂಚುತ್ತಾರೆ. ಸಭೆಯಲ್ಲಿ ಇದನ್ನು ಹೀಗೆಯೇ ಹೇಳಿ.

ಬ್ಲೀಚಿಂಗ್ ಪೌಡರ್ ಲೆಕ್ಕ ಕಷ್ಟವಲ್ಲ. 50,000 ಲೀಟರ್ ಟ್ಯಾಂಕಿಗೆ ಲೀಟರ್‌ಗೆ 2 ಮಿಲಿಗ್ರಾಂ ಕ್ಲೋರಿನ್ ಅಂದರೆ 100 ಗ್ರಾಂ ಕ್ಲೋರಿನ್. ಪೌಡರಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಮಾತ್ರ ಕ್ಲೋರಿನ್ ಇರುವುದರಿಂದ 400 ಗ್ರಾಂ ಪೌಡರ್ ಬೇಕು. ಇದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮೇಲೆ ಬಕೆಟ್ ತುಂಬಾ ನೀರು ಹಾಕಿ ಕದಡಿ. ಸ್ವಲ್ಪ ಹೊತ್ತು ಬಿಟ್ಟರೆ ಸುಣ್ಣದ ಗಸಿ ಕೆಳಗೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಿ, ಗಸಿ ಚೆಲ್ಲಿ. ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ ಇರಲಿ. ಹಾಕಿದ ಮೇಲೆ ಅರ್ಧ ಗಂಟೆ ಬಿಟ್ಟೇ ನೀರು ಬಿಡಬೇಕು. ಪೌಡರ್ ಚೀಲದ ಬಾಯಿ ತೆರೆದು ಟ್ಯಾಂಕಿನ ಕೆಳಗೆ ಇಟ್ಟರೆ ಎರಡು ತಿಂಗಳಲ್ಲಿ ಸತ್ವ ಹೋಗಿ ಬರೀ ಸುಣ್ಣ ಉಳಿಯುತ್ತದೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನೆರಳಲ್ಲಿ ಇಡಿ.

ಹಾಕಿದ್ದು ಸಾಕಾಯಿತಾ ಅನ್ನೋದನ್ನು ಟ್ಯಾಂಕಿನಲ್ಲಿ ನೋಡಬೇಡಿ, ಕೊನೆಯ ಮನೆಯ ನಲ್ಲಿಯಲ್ಲಿ ನೋಡಿ. ಪರೀಕ್ಷಾ ಕಿಟ್ಟಿನ ಕೊಳವೆಗೆ ಗೆರೆಯವರೆಗೆ ನೀರು ಹಿಡಿದು ದ್ರಾವಣದ ಹನಿ ಹಾಕಿ ಅಲುಗಾಡಿಸಿದರೆ ನೀರು ಹಳದಿ ತಿರುಗುತ್ತದೆ. ಆ ಹಳದಿಯನ್ನು ಕಿಟ್ಟಿನ ಬಣ್ಣದ ಪಟ್ಟಿಗೆ ಹೋಲಿಸಿ. ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಬಣ್ಣವೇ ಬರದಿದ್ದರೆ ಒಂದೋ ಪೌಡರ್ ಸತ್ವ ಕಳೆದುಕೊಂಡಿದೆ, ಇಲ್ಲವೇ ದಾರಿಯಲ್ಲಿ ಎಲ್ಲೋ ಕೊಳೆ ಸೇರಿ ಕ್ಲೋರಿನ್ ತಿಂದುಹಾಕಿದೆ. ಆಗ ಹಿಂದಿನ ನಲ್ಲಿ, ಅದರ ಹಿಂದಿನ ನಲ್ಲಿ ಅಂತ ಪರೀಕ್ಷೆ ಮಾಡುತ್ತಾ ಬನ್ನಿ. ಹಳದಿ ಎಲ್ಲಿ ಕಾಣಿಸುತ್ತದೋ ಅಲ್ಲಿಂದ ಮುಂದಿನ ತುಂಡಿನಲ್ಲಿ ಪೈಪು ಒಡೆದಿರಬಹುದು.

ಪ್ರತಿ ಊರಲ್ಲೂ ಐದು ಹೆಂಗಸರಿಗೆ ಈ ಕಿಟ್ ಬಳಸಲು ತರಬೇತಿ ಕೊಡಬೇಕು ಅಂತ ಮಿಷನ್ ಹೇಳುತ್ತದೆ. ತರಬೇತಿ ಆಗಿದ್ದು, ಕಿಟ್ ಅಲಮಾರಿಯಲ್ಲಿ ಉಳಿದಿದ್ದರೆ ಅದನ್ನು ಹೊರಗೆ ತೆಗೆಸಿ, ರಾಸಾಯನಿಕದ ಅವಧಿ ಮುಗಿದಿದೆಯಾ ನೋಡಿ. ರೋಗಾಣು ಪರೀಕ್ಷೆಯ ಸಣ್ಣ ಬಾಟಲಿಯೂ ಇರುತ್ತದೆ. ನೀರು ತುಂಬಿಸಿ ಒಂದೆರಡು ದಿನ ಬಿಟ್ಟಾಗ ಕಪ್ಪಾದರೆ ಆ ನೀರು ಕುಡಿಯಬಾರದು. ಕಪ್ಪಾದ ಬಾಟಲಿಯನ್ನು ಬೀದಿಯಲ್ಲಿ ನಾಲ್ಕು ಜನಕ್ಕೆ ತೋರಿಸಿ. ಅಲ್ಲಿಯವರೆಗೆ ‘ನಾವು ಇದೇ ನೀರು ಕುಡಿದು ಬೆಳೆದಿಲ್ವಾ’ ಅಂದವರು ಆಮೇಲೆ ಆ ಮಾತು ಎತ್ತುವುದಿಲ್ಲ.

ಪ್ರಯೋಗಾಲಯದ ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ರೋಗಾಣು ಪರೀಕ್ಷೆ ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಆಗಲಿ. ಟ್ಯಾಂಕ್ ತೊಳೆದ ದಿನ, ಮತ್ತೆ ತೊಳೆಯುವ ದಿನ ಎರಡನ್ನೂ ಟ್ಯಾಂಕಿನ ಮೇಲೆಯೇ ಬರೆಸಿ.

ನೀರುಗಂಟಿಯ ಜೊತೆ ನಿಲ್ಲಿ

ಊರಿನ ನೀರು ನಿಜಕ್ಕೂ ನಡೆಯುವುದು ನೀರುಗಂಟಿಯ ಕೈಯಲ್ಲಿ. ಬೆಳಗಿನ ಜಾವ ಎದ್ದು ಮೋಟಾರ್ ಹಾಕುವವನು, ಕರೆಂಟ್ ಬಂದ ಹೊತ್ತಿಗೆ ಓಡುವವನು, ಎಲ್ಲ ಕೇರಿಯವರ ಬೈಗುಳ ಕೇಳುವವನು ಅವನೇ. ಅವನ ಸಂಬಳ ತಿಂಗಳುಗಟ್ಟಲೆ ಬಾಕಿ ಇದ್ದರೆ ಮೊದಲು ಅದನ್ನು ಕೊಡಿಸಿ. ಯಾವ ಕೇರಿಗೆ ಎಷ್ಟು ಹೊತ್ತಿಗೆ ನೀರು ಅನ್ನುವ ವೇಳಾಪಟ್ಟಿಯನ್ನು ಸಮಿತಿ ಬರೆದು ಸಹಿ ಮಾಡಿ ಅವನ ಕೈಗೆ ಕೊಡಲಿ. ಆಗ ‘ನಮ್ಮ ಕಡೆ ಇನ್ನೊಂದು ಗಂಟೆ ಬಿಡೋ’ ಅಂತ ಊರಿನ ದೊಡ್ಡವರು ಹೇಳಿದರೂ ‘ಸಮಿತಿಯಲ್ಲಿ ಮಾತಾಡಿ ಅಣ್ಣಾ’ ಅನ್ನಲು ಅವನಿಗೆ ಧೈರ್ಯ ಬರುತ್ತದೆ.

ಬೇಸಿಗೆಗೆ ಮೊದಲು, ಚುನಾವಣೆಗೆ ಮೊದಲು

ಜನವರಿಯಲ್ಲೇ ಕೂತು ಬೇಸಿಗೆಯ ಯೋಜನೆ ಮಾಡಿ. ಊರಿನ ಬೋರು ನಿಂತರೆ ಯಾರ ತೋಟದ ಬೋರಿನಿಂದ ನೀರು ತೆಗೆದುಕೊಳ್ಳಬೇಕು, ದರ ಎಷ್ಟು, ಪೈಪು ಎಲ್ಲಿಂದ ಅನ್ನೋದನ್ನು ಆಗಲೇ ಮಾತಾಡಿ ಪಂಚಾಯ್ತಿ ಮೂಲಕ ಬರೆದಿಡಿ. ಆ ಬೋರಿನ ನೀರಿನ ಪರೀಕ್ಷೆಯೂ ಆಗಲೇ ಆಗಿರಬೇಕು. ಟ್ಯಾಂಕರ್ ಬಂದರೆ ಅದರ ನೀರಿಗೂ ಕ್ಲೋರಿನ್ ಬೇಕು. ಊರಿನ ಬೋರಿನ ಸುತ್ತಮುತ್ತ ಹೊಸ ಬೋರು ಕೊರೆಯಲು ಬಂದವರ ಜೊತೆ ಲಾರಿ ನಿಲ್ಲುವ ಮೊದಲೇ ಮಾತಾಡಬೇಕು, ಕೊರೆದ ಮೇಲೆ ಅಲ್ಲ.

ಪಂಚಾಯ್ತಿ ಚುನಾವಣೆ ಐದು ವರ್ಷಕ್ಕೊಮ್ಮೆ ಬರುತ್ತದೆ, ಆಗ ಸಮಿತಿಯೂ ಅಲುಗಾಡುತ್ತದೆ. ಹೊಸ ಸದಸ್ಯರು ಬಂದ ಮೇಲೆ ಮೊದಲ ಗ್ರಾಮಸಭೆಯಲ್ಲೇ ಹಳೆಯ ಸಮಿತಿ ಖಾತೆಯ ಪಾಸ್‌ಬುಕ್, ರಸೀದಿ ಪುಸ್ತಕ, ಪರೀಕ್ಷೆಯ ರಿಪೋರ್ಟುಗಳು, ವಾಲ್ವ್‌ಗಳ ನಕ್ಷೆ, ಕೀಲಿಗಳನ್ನು ಎಲ್ಲರೆದುರು ಒಪ್ಪಿಸಿ ಸಹಿ ಪಡೆಯಲಿ. ಅದಕ್ಕೆ ಮೊದಲು ಎಲ್ಲವನ್ನೂ ಜೆರಾಕ್ಸ್ ಮಾಡಿಸಿ ಒಂದು ಪ್ರತಿ ಸ್ವಸಹಾಯ ಸಂಘದ ಪೆಟ್ಟಿಗೆಯಲ್ಲಿ, ಇನ್ನೊಂದು ಶಾಲೆಯ ಅಲಮಾರಿಯಲ್ಲಿ ಇಡಿ.